ನಾಲ್ಕು ಸೀರೆಯ ಅತ್ತೆ

ನಮ್ಮ ಅತ್ತೆ ಒಗೆದ ಸೀರೆಯನ್ನು ಹಿಂಡಿದರೆ ಅದರಲ್ಲಿ ಇನ್ನೊಂದು ಹನಿ ನೀರು ಉಳಿಯುತ್ತಿರಲಿಲ್ಲ. ಸೀರೆಯ ನಡುವನ್ನು ಹಿತ್ತಲ ಸೀಬೆಮರದ ಕಾಂಡಕ್ಕೆ ಹಾಯಿಸಿ, ಎರಡು ತುದಿಗಳನ್ನೂ ಸೇರಿಸಿ ಹಿಡಿದು, ಒಂದು ಕಾಲನ್ನು ಒಗೆಯುವ ಕಲ್ಲಿಗೆ ಒತ್ತಿ ನಿಂತು ತಿರುಚುತ್ತಿದ್ದರು. ಮುಂಗೈಯ ನರಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತಿದ್ದವು. ಮರ ಒಂದಿಷ್ಟು ಅಲುಗುತ್ತಿತ್ತು, ಹಣ್ಣಿದ್ದರೆ ಒಂದೆರಡು ಉದುರುತ್ತಿದ್ದವು. ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತು ಇದನ್ನು ನೋಡಿದ ನನಗೆ, ಈ ಕೈಯಿಂದ ಒಂದು ಪೆಟ್ಟು ಬಿದ್ದರೆ ನನ್ನ ಗತಿಯೇನು ಎಂಬ ಯೋಚನೆ ಬಂತು. ಆ ಪೆಟ್ಟು ಯಾವತ್ತೂ ಬೀಳಲಿಲ್ಲ. ಆದರೆ ಮೊದಲ ವರ್ಷ ಅವರು ನನ್ನನ್ನು ಹಿಂಡಿದ ರೀತಿಯೇ ಬೇರೆ.

ಅವರು ನಗರದ ಹೊರಗಿನ ಉಲ್ಲಾಳು ಹಳ್ಳಿಯ ರೈತರ ಮನೆಯ ಹೆಣ್ಣು. ಗಂಡನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದಾಗ ರಾಜಾಜಿನಗರಕ್ಕೆ ಬಂದವರು. ಮಾವನವರು ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಅವರ ಫ್ಯಾಕ್ಟರಿಯಲ್ಲೇ ನನ್ನ ಗಂಡನಿಗೂ ಕೆಲಸ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಹಿತ್ತಲು. ಇಷ್ಟೇ ನಮ್ಮ ಮನೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಮನೆಗೆ ನಾನು ಒಂದು ದೊಡ್ಡ ಟ್ರಂಕು ಸೀರೆ ತಂದೆ.

ಇದಕ್ಕೆ ಕಾರಣ ನನ್ನ ಅಪ್ಪ. ಅವರು ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಬಿಳಿ ಹಾಸಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಬೆಳಗಿನಿಂದ ಸಂಜೆಯವರೆಗೆ ಊರ ಹೆಂಗಸರಿಗೆ ಸೀರೆ ಬಿಡಿಸಿ ತೋರಿಸುವುದು, ಮತ್ತೆ ಮಡಿಸುವುದು ಅವರ ಕೆಲಸ. ನಾನು ತೀರ ಚಿಕ್ಕವಳಿದ್ದಾಗಲೇ ಅಮ್ಮ ಹೋಗಿಬಿಟ್ಟಿದ್ದರು. ನಾನಿನ್ನೂ ಲಂಗ ಹಾಕಿಕೊಂಡು ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದಾಗಲೇ ಅಪ್ಪ ನನಗಾಗಿ ಸೀರೆ ಕೂಡಿಡಲು ಶುರುಮಾಡಿದ್ದರು. ಅಂಚಿನಲ್ಲಿ ಒಂದು ಎಳೆ ತಪ್ಪಿದ ಕಂಚಿ, ಸೆರಗಿಗೆ ಮಸಿ ತಾಗಿದ ಧರ್ಮಾವರ, ಯಾರೂ ಒಪ್ಪದ ಬಣ್ಣದ ಮೊಳಕಾಲ್ಮೂರು. ಹೀಗೆ ಅಂಗಡಿಯಲ್ಲಿ ಉಳಿದದ್ದೆಲ್ಲ ಒಂದೊಂದಾಗಿ ನಮ್ಮ ಮನೆ ಸೇರುತ್ತಿತ್ತು.

ಅತ್ತೆ ಟ್ರಂಕಿನ ಮುಚ್ಚಳ ತೆಗೆಸಿ, ಎದುರಿಗೆ ಕೂತು ಎಣಿಸಿದರು.

“ಮೂವತ್ತಮೂರು,” ಅಂದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಂಗಿರೋದು ಒಂದೇ ಮೈ ಅಲ್ವೇನವ್ವ?”

ಕೊಂಕಾಗಿ ಕೇಳಿದ ಮಾತಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವರ ಹತ್ತಿರ ಇದ್ದದ್ದು ನಾಲ್ಕೇ ಸೀರೆ. ಅದಕ್ಕೊಂದು ಲೆಕ್ಕಾಚಾರವೂ ಇತ್ತು. “ಒಂದು ಮೈ ಮ್ಯಾಲೆ, ಒಂದು ತಂತಿ ಮ್ಯಾಲೆ, ಒಂದು ಊರಿಗೆ, ಒಂದು ಆಸ್ಪತ್ರೆಗೆ.” ಆಸ್ಪತ್ರೆಗೆ ಯಾಕೆ ಬೇರೆ ಸೀರೆ ಎಂದು ಕೇಳಿದೆ. “ಡಾಕ್ಟ್ರು ಮೊದಲು ಸೀರೆ ನೋಡ್ತಾರೆ, ಆಮೇಲೆ ನಾಡಿ ನೋಡ್ತಾರೆ ಕಣವ್ವ” ಎಂದರು. ಆ ನಾಲ್ಕನೆಯ ಸೀರೆಗೆ ಇಸ್ತ್ರಿ ಮಾಡಿಸಿ, ಯಾವ ಕಾಯಿಲೆಗೂ ತಯಾರಾಗಿ ಇಟ್ಟುಕೊಂಡಿದ್ದರು. ನಾಲ್ಕರಲ್ಲಿ ಒಂದು ಹರಿದು ಪಿಸಿದರೆ ಮಾತ್ರ ಹೊಸದು ಬರುತ್ತಿತ್ತು. ಹರಿದದ್ದು ಕೌದಿಯಾಗುತ್ತಿತ್ತು, ಕೌದಿಯೂ ಹರಿದರೆ ಒರೆಸುವ ಬಟ್ಟೆಯಾಗುತ್ತಿತ್ತು. ಒರೆಸುವ ಬಟ್ಟೆಯನ್ನೂ ಅವರು ಅಷ್ಟೇ ಬಿಗಿಯಾಗಿ ಹಿಂಡುತ್ತಿದ್ದರು.

ಟ್ರಂಕು ಮಂಚದಡಿ ಹಿಡಿಸಲಿಲ್ಲ. ರೂಮಿನಲ್ಲಿದ್ದ ಒಂದೇ ಬೀರುವಿನಲ್ಲಿ ನನ್ನ ಗಂಡನ ಬಟ್ಟೆ, ಮನೆಯ ಕಾಗದಪತ್ರ, ಅಕ್ಕಿಯ ಚೀಲ ಕೂಡ ಇದ್ದವು. ಇಲಿಗಳಿಗೆ ಹೆದರಿ ಅತ್ತೆ ಅಕ್ಕಿಯನ್ನು ಬೀರುವಿನಲ್ಲೇ ಬೀಗ ಹಾಕಿ ಇಡುತ್ತಿದ್ದರು. ಕೊನೆಗೆ ಟ್ರಂಕು ಹಾಲಿನಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಕೂತಿತು. ನನ್ನ ಗಂಡ ಷಿಫ್ಟ್ ಮುಗಿಸಿ ಬಂದಾಗಲೆಲ್ಲ ಅದಕ್ಕೆ ಎಡವುತ್ತಿದ್ದರು. ಬಲಗಾಲಿನ ಹೆಬ್ಬೆರಳ ಉಗುರು ಎರಡನೇ ಸಲ ಕಿತ್ತು ಬಂದಾಗ, ಅತ್ತೆ ಅದಕ್ಕೆ ಅರಿಸಿನ ಹಚ್ಚುತ್ತಲೇ ತೀರ್ಪು ಕೊಟ್ಟರು.

“ನೋಡವ್ವ, ನಾನು ಅನ್ಯಾಯ ಮಾಡಾಕಿಲ್ಲ. ಗೌರಿ ಹಬ್ಬದಿಂದ ದೀಪಾವಳಿಗಂಟ ಟೈಮು. ಅಷ್ಟ್ರಲ್ಲಿ ನೀನು ಯಾವ್ಯಾವ ಸೀರೆ ಉಟ್ಕಂತೀಯೋ ಅವೆಲ್ಲ ನಿಂಗೆ ಬೇಕಾದವು, ಇರ್ಲಿ. ಉಡದೆ ಉಳಿದವು ಯಾರಿಗಾನ ಕೊಟ್ಬಿಡಾನ. ಒಪ್ಗೆನಾ?”

ಆ ಸೀರೆಗಳು ನನಗೆ ಏನು ಎಂಬುದನ್ನು ಹೇಳಬಹುದಿತ್ತು. ಆದರೆ ಹೊಸ ಸೊಸೆ, ಇಪ್ಪತ್ತರ ವಯಸ್ಸು, ಅಪ್ಪನ ಬಗ್ಗೆ ಮಾತೆತ್ತಿದರೆ ಅಳು ಬರುತ್ತದೆಂಬ ಭಯ. “ಆಗ್ಲಿ ಅತ್ತೆ” ಅಂದೆ. ಒಂದನ್ನೂ ಬಿಡಬಾರದೆಂದು ಅಲ್ಲೇ ತೀರ್ಮಾನಿಸಿಕೊಂಡೆ.

ಆದರೆ ಮೂವತ್ತಮೂರರಲ್ಲಿ ಹೆಚ್ಚಿನವು ರೇಷ್ಮೆ. ಎರಡು ತಿಂಗಳಲ್ಲಿ ಅಷ್ಟನ್ನೂ ಉಡಲು ನಮಗಿದ್ದ ನೆಂಟರು ಸಾಲುತ್ತಿರಲಿಲ್ಲ. ಸುಮ್ಮನೆ ಉಟ್ಟು ಕನ್ನಡಿ ನೋಡಿ ಬಿಚ್ಚಿಟ್ಟರೆ ಆಗುವುದಿಲ್ಲ ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. “ಉಟ್ಕಂಡು ಕೆಲ್ಸ ಮಾಡ್ಬೇಕು. ಕೆಲ್ಸ ಮಾಡ್ದೆ ನಿಂತಿದ್ರೆ ಅದು ಉಟ್ಟಂಗಲ್ಲ, ತಂತಿ ಮ್ಯಾಲೆ ಹಾಕ್ದಂಗೆ.”

ಹೀಗಾಗಿ ಗೌರಿ, ಗಣೇಶ ಎರಡೂ ಮುಗಿದ ಮಾರನೆಯ ಬೆಳಿಗ್ಗೆ ನಾನು ನವಿಲುಕಂಠದ ಬಣ್ಣದ ಕಂಚಿ ಸೀರೆ ಉಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ಎರಡು ಕೊಡ ಹಿಡಿದು ಬೀದಿ ನಲ್ಲಿಗೆ ಹೋದೆ. ಸಾಲಿನಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬರು ಕೊಡವನ್ನು ಪಕ್ಕಕ್ಕೆ ಸರಿಸಿ, “ನೀವು ಹಿಡ್ಕೊಳ್ಳಿ, ಮುಹೂರ್ತಕ್ಕೆ ತಡ ಆಗತ್ತೆ” ಅಂದರು. ಯಾವ ಮುಹೂರ್ತ ಎಂದು ನನಗೂ ಗೊತ್ತಿರಲಿಲ್ಲ. ನೀರು ಹಿಡಿದುಕೊಂಡು ಬಂದೆ.

ಆ ವಾರ ಮೈಸೂರು ರೇಷ್ಮೆಯಲ್ಲಿ ಸೀಮೆಎಣ್ಣೆ ಕ್ಯೂನಲ್ಲಿ ನಿಂತೆ. ಧರ್ಮಾವರ ಉಟ್ಟು ರಾಗಿ ಬೀಸಿಸಲು ಮಿಲ್ಲಿಗೆ ಹೋಗಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ವಾಪಸು ಬಂದೆ. ಅಂಗಡಿಯಲ್ಲಿ ಎರಡು ವರ್ಷ ಯಾರೂ ಮುಟ್ಟದೆ ಉಳಿದಿದ್ದ ಕಿತ್ತಳೆ ಬಣ್ಣದ ಸೀರೆಯಲ್ಲಿ ಹಿತ್ತಲು ಸಾರಿಸಿದೆ. ಕಾಗೆಗಳು ಹತ್ತಿರ ಬರಲಿಲ್ಲ. ನನ್ನ ಗಂಡ ಟಿಫಿನ್ ಡಬ್ಬಿ ತೆಗೆದುಕೊಳ್ಳುತ್ತ ಬಾಗಿಲಲ್ಲಿ ನಿಂತು ನೋಡಿ, “ಇವತ್ತು ಯಾರದು ಮದುವೆ?” ಎಂದು ಕೇಳುತ್ತಿದ್ದರು. “ನಿಮ್ಮಮ್ಮಂದು” ಎನ್ನುತ್ತಿದ್ದೆ, ಅತ್ತೆಗೆ ಕೇಳಿಸದ ಹಾಗೆ. ಅತ್ತೆಗೆ ಕೇಳಿಸುತ್ತಿತ್ತು. ಒಳಗಿನಿಂದ ಅವರು ನಕ್ಕದ್ದು ನನಗೂ ಕೇಳಿಸುತ್ತಿತ್ತು.

ಉಡುವುದು ಕಷ್ಟವಿರಲಿಲ್ಲ. ಉಟ್ಟದ್ದನ್ನು ಒಗೆಯುವುದಿತ್ತಲ್ಲ. ಅವರವರ ಬಟ್ಟೆ ಅವರವರೇ ಒಗೆಯಬೇಕೆಂಬುದು ಆ ಮನೆಯ ಪದ್ಧತಿ. ರೇಷ್ಮೆ ಸೀರೆಯನ್ನು ಕಲ್ಲಿಗೆ ಬಡಿಯುವ ಹಾಗಿಲ್ಲ, ಹಿಂಡುವ ಹಾಗಿಲ್ಲ. ಅಂಟುವಾಳದ ಕಾಯಿ ನೆನೆಸಿ, ನೊರೆ ತೆಗೆದು, ಮೆತ್ತಗೆ ಅದ್ದಿ, ನೆರಳಿನಲ್ಲಿ ಒಣಗಿಸಬೇಕು. ಹೊರಗೆ ಮಳೆಗಾಲ. ರೂಮಿನಲ್ಲಿ, ಹಾಲಿನಲ್ಲಿ, ಅಡುಗೆಮನೆಯಲ್ಲಿ ಹಗ್ಗ ಕಟ್ಟಿದೆ. ನನ್ನ ಗಂಡ ಈಗ ಟ್ರಂಕಿಗೆ ಎಡವುವುದರ ಜೊತೆಗೆ ಒದ್ದೆ ಸೀರೆಗಳಿಗೆ ಮುಖವನ್ನೂ ಒಡ್ಡಬೇಕಾಯಿತು. ಅತ್ತೆ ಮಾತ್ರ ತಮ್ಮ ಒಂದು ಸೀರೆಯನ್ನು ಹಿಂಡಿ, ಕೊಡವಿ, ತಂತಿಗೆ ಹಾಕಿ, ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ಆ ಕಾಫಿ ಕುಡಿಯುವ ಸದ್ದೇ ನನಗೆ ಸಾಕಾಗುತ್ತಿತ್ತು.

ಬೀದಿಯಲ್ಲಿ ಬಗೆಬಗೆಯ ಸುದ್ದಿ ಹಬ್ಬಿತು. ನಮಗೆ ಲಾಟರಿ ಹೊಡೆದಿದೆ ಎಂದು ಒಂದು. ನಾನು ನಾಟಕದ ಕಂಪನಿಯಲ್ಲಿದ್ದವಳು ಎಂದು ಇನ್ನೊಂದು. ಪಕ್ಕದ ಮನೆಯಾಕೆ ಒಳ್ಳೆಯವರು, ನಮ್ಮ ಬಗ್ಗೆ ಕಾಳಜಿ ಇದ್ದವರು. ಒಂದು ಮಂಗಳವಾರ ಮಂತ್ರಿಸಿದ ನಿಂಬೆಹಣ್ಣೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಅತ್ತೆಯ ಹತ್ತಿರ ಪಿಸುಗುಟ್ಟಿದರು. ನಾನು ಅಡುಗೆಮನೆಯಲ್ಲಿದ್ದೆ.

“ತಪ್ಪು ತಿಳ್ಕೋಬೇಡಿ. ನಿಮ್ಮ ಸೊಸೆಗೆ ಯಾರೋ ಏನೋ ಮಾಡ್ಸಿದಾರೆ ಅನ್ಸತ್ತೆ.”

“ಹೌದು,” ಅಂದರು ಅತ್ತೆ. “ಮಾಡ್ಸಿರೋಳು ನಾನೇಯ.”

ಆಕೆ ನಿಂಬೆಹಣ್ಣನ್ನು ಅಲ್ಲೇ ಬಿಟ್ಟು ಹೋದರು. ಅವತ್ತು ಅತ್ತೆ ಚಿತ್ರಾನ್ನ ಮಾಡಿದರು.

ದೀಪಾವಳಿಗೆ ಇನ್ನೇನು ಸ್ವಲ್ಪ ದಿನ ಇರುವಾಗ ನನ್ನ ಧಾರೆ ಸೀರೆಯ ಸರದಿ ಬಂತು. ಅರಿಸಿನ ಬಣ್ಣದ ಒಡಲು, ಕೆಂಪು ಅಂಚು, ಕೈಗಲ ಜರಿ. ಅದೊಂದರಲ್ಲಿ ಮಾತ್ರ ಯಾವ ಎಳೆಯೂ ತಪ್ಪಿರಲಿಲ್ಲ. ಅಪ್ಪ ಅಂಗಡಿಯ ಒಳ್ಳೆಯ ಸರಕಿನಿಂದಲೇ ಆರಿಸಿ ತಂದಿದ್ದರು. ಅದನ್ನು ಉಟ್ಟು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಮಸಿ ಹಿಡಿದ ಅನ್ನದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದೆ. ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಕೈಯಲ್ಲಿ ಖಾರದ ಪೊಟ್ಟಣ. ಹಬ್ಬಕ್ಕೆ ಕರೆಯಲು ಬಂದಿದ್ದರು.

ಅವರು ನನ್ನ ಮುಖ ನೋಡಲಿಲ್ಲ. ಸೀರೆ ನೋಡಿದರು. ಬೂದಿ ನೋಡಿದರು. ನಾನು “ಅಪ್ಪಾ” ಅನ್ನುವಷ್ಟರಲ್ಲಿ ತಿರುಗಿ ಒಳಗೆ ಹೋದರು. ಕೈ ತೊಳೆದುಕೊಂಡು ನಾನು ಓಡುವ ಹೊತ್ತಿಗೆ ಹಾಲಿನಲ್ಲಿ ಅತ್ತೆಯ ಮುಂದೆ ಕೈಮುಗಿದು ನಿಂತಿದ್ದರು. ಜೀವಮಾನವಿಡೀ ಗಿರಾಕಿಗಳ ಎದುರು ದನಿ ತಗ್ಗಿಸಿ ಮಾತಾಡಿದ ಮನುಷ್ಯ. ಆಗಲೂ ದನಿ ಏರಿರಲಿಲ್ಲ.

“ಬೀಗಿತ್ತಿಯವರೇ, ನಾನು ಬಡವ. ಆದ್ರೆ ಮಗಳಿಗೆ ಬಟ್ಟೆಗೆ ಕಮ್ಮಿ ಮಾಡಿರ್ಲಿಲ್ಲ. ಅಷ್ಟು ಸೀರೆ ಏನಾಯ್ತು ಅಂತ ನಾನು ಕೇಳಲ್ಲ. ಪಾತ್ರೆ ತಿಕ್ಕೋಕೆ ಧಾರೆ ಸೀರೆ ಉಡೋ ಗತಿ ಅವಳಿಗೆ ಯಾಕೆ ಬಂತು? ಕರ್ಕೊಂಡು ಹೋಗ್ತೀನಿ, ಕಳ್ಸಿಕೊಡಿ.”

ಅಪ್ಪ ಹೇಳಿದರೆ ಹೇಳಿದ ಹಾಗೆ. ಇನ್ನೊಂದು ಮಾತು ಬೆಳೆದರೆ ಅವತ್ತು ಸಂಜೆಯ ಬಸ್ಸಿನಲ್ಲಿ ನಾನು ಅಪ್ಪನ ಮನೆಗೆ ಹೋಗಬೇಕಿತ್ತು. ಒಮ್ಮೆ ಹಾಗೆ ಹೋದ ಹೆಣ್ಣು ವಾಪಸು ಬರುವುದು ಆ ಕಾಲದಲ್ಲಿ ಸುಲಭವಿರಲಿಲ್ಲ.

ಅತ್ತೆ ಸಿಟ್ಟಾಗಲಿಲ್ಲ. “ಕೂತ್ಕಳಿ ಅಣ್ಣ” ಎಂದು ಚಾಪೆ ಹಾಸಿದರು. ಟ್ರಂಕನ್ನು ದರದರ ಎಳೆದು ತಂದು ಅವರ ಮುಂದೆ ಮುಚ್ಚಳ ತೆಗೆದರು. ಸೀರೆಗಳೆಲ್ಲ ಒಗೆದು ಮಡಿಸಿಟ್ಟ ಹಾಗೇ ಇದ್ದವು. ಅಪ್ಪನ ಕೈ ತನ್ನಷ್ಟಕ್ಕೆ ಮುಂದೆ ಹೋಗಿ ಮೇಲಿನ ಎರಡನ್ನು ಸವರಿತು.

“ಬಟ್ಟೆ ಇಲ್ದೆ ಆಗಿದ್ದಲ್ಲ, ಜಾಸ್ತಿಯಾಗಿ ಆಗಿದ್ದು,” ಎಂದು ಅತ್ತೆ ಎಲ್ಲವನ್ನೂ ಹೇಳಿದರು. ಕಂಚಿ ಸೀರೆ ಮತ್ತು ನಲ್ಲಿ, ಮೈಸೂರು ರೇಷ್ಮೆ ಮತ್ತು ಸೀಮೆಎಣ್ಣೆ, ನಿಂಬೆಹಣ್ಣು, ಎಲ್ಲ. ಕೊನೆಗೆ ಕೇಳಿದರು: “ನಾನು ಹಳ್ಳಿಯೋಳು, ನಂಗೆ ತಿಳೀದು. ನೀವು ಸೀರೆ ಮಾರೋರು. ನೀವೇ ಹೇಳಿ, ಒಂದು ಹೆಂಗಸಿಗೆ ದಿಟವಾಗಿ ಎಷ್ಟು ಸೀರೆ ಬೇಕು?”

ಅಪ್ಪ ಮೇಲಿದ್ದ ಸೀರೆಯ ಮಡಿಕೆಯನ್ನು ಸರಿಮಾಡಿದರು.

“ಅಂಗಡೀಲಿ ಕೇಳಿದ್ರೆ ಇನ್ನೊಂದು ಬೇಕು ಅಂತೀನಿ,” ಅಂದರು. “ಅದು ನನ್ನ ಕೆಲಸ. ಇಲ್ಲಿ ಕೇಳ್ತಿದೀರ, ಏನು ಹೇಳಲಿ. ಇವಳಮ್ಮ ಬೇಗ ಹೋಗ್ಬಿಟ್ಲು. ತಾಯಿ ಇದ್ದಿದ್ರೆ ಹೆಣ್ಣು ಮಗೂಗೆ ಏನೇನು ಕೊಡ್ತಿದ್ಲೋ, ಏನೇನು ಹೇಳ್ಕೊಡ್ತಿದ್ಲೋ, ನಂಗೆ ಗೊತ್ತಾಗ್ಲಿಲ್ಲ. ನಂಗೆ ಗೊತ್ತಿದ್ದದ್ದು ಸೀರೆ ಒಂದೇ. ಅದನ್ನೇ ಕೊಡ್ತಾ ಹೋದೆ.”

ಅತ್ತೆ ನನ್ನ ಕಡೆ ತಿರುಗಿದರು.

“ಮೊದಲೇ ಹೇಳ್ಬಾರ್ದಾಗಿತ್ತೇನವ್ವ?”

“ನೀವು ಕೇಳ್ಲಿಲ್ಲ.”

“ಅದೂ ದಿಟವೇ,” ಅಂದರು. “ಹೋಗು, ಹತ್ತಿ ಸೀರೆ ಉಟ್ಕಂಡು ಬಾ. ಮಿಕ್ಕಿದ ಪಾತ್ರೆ ನಾನು ತಿಕ್ತೀನಿ.”

ಅಪ್ಪನಿಗೆ ಅವತ್ತು ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಅಪ್ಪನಿಗೆ ಮುದ್ದೆ ಅಭ್ಯಾಸ ತಪ್ಪಿ ಎಷ್ಟೋ ವರ್ಷವಾಗಿತ್ತು. ಆದರೂ ಎರಡು ಮುದ್ದೆ ನುಂಗಿದರು. ಎರಡನೆಯದು ಬೇಡ ಎನ್ನಲು ಹೆದರಿದ್ದರೆಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

ಇಷ್ಟಾದರೂ ಅತ್ತೆ ತಮ್ಮ ಮಾತು ಬಿಟ್ಟುಕೊಡಲಿಲ್ಲ. “ಬೇಕಾಗಿರೋದು ನಾಲ್ಕೇಯ, ಅದ್ರಲ್ಲಿ ಮಾತಿಲ್ಲ” ಎಂದು ಮಗನಿಗೆ ಹೇಳಿದರು. “ಆದ್ರೆ ಟ್ರಂಕಲ್ಲಿರೋದು ಸೀರೆ ಅಲ್ಲ ಕಣ್ಲಾ, ನಿಮ್ ಮಾವ. ಆವಯ್ಯನ್ನ ಎಲ್ಲಿಗೆ ಅಂತ ಆಚೆ ಹಾಕಾದು?” ಮಾರನೆಯ ದಿನ ಬೀರುವಿನಿಂದ ಅಕ್ಕಿಯ ಚೀಲ ಇಳಿಯಿತು. ಅದಕ್ಕೆ ಒಂದು ತಗಡಿನ ಡ್ರಮ್ಮು ಬಂತು. ನನ್ನ ಸೀರೆಗಳು ಬೀರುವಿಗೆ ಏರಿದವು. ಎಷ್ಟೋ ತಿಂಗಳು ಅವಕ್ಕೆ ಅಕ್ಕಿಯ ವಾಸನೆ ಇತ್ತು.

ನನ್ನ ಹತ್ತಿರ ಅಷ್ಟೊಂದು ಸೀರೆ ಇರುವುದನ್ನು ಬೀದಿಯೆಲ್ಲ ಕಣ್ಣಾರೆ ನೋಡಿತ್ತಲ್ಲ. ಸಂಕ್ರಾಂತಿಯ ಹೊತ್ತಿಗೆ ಪಕ್ಕದ ಮನೆಯಾಕೆ ಹಿಂಜರಿಯುತ್ತ ಬಂದರು. ಮಗಳಿಗೆ ಎಲ್ಲೋ ಟೈಪಿಸ್ಟ್ ಕೆಲಸದ ಇಂಟರ್‌ವ್ಯೂ. ಒಂದು ಒಳ್ಳೆಯ ಸೀರೆ ಇಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಬೀರು ತೆಗೆದಾಗಿತ್ತು. “ಕಡುನೀಲಿದು ಕೊಡಾನ. ಕಿತ್ತಳೆದು ಉಟ್ಕಂಡು ಹೋದ್ರೆ ಆಫೀಸರು ಹೆದರ್ಕಂತಾನೆ.”

ಅಲ್ಲಿಂದ ಶುರುವಾಯಿತು. ಹೆಣ್ಣು ನೋಡುವ ಶಾಸ್ತ್ರ, ಸೀಮಂತ, ಗ್ರೂಪ್ ಫೋಟೋ, ಗಂಡನ ಮೇಲಧಿಕಾರಿಯ ಮಗನ ನಾಮಕರಣ. ಯಾವುದಿದ್ದರೂ ಹೆಂಗಸರು ನಮ್ಮ ಮನೆಗೆ ಬರತೊಡಗಿದರು. ವಿಜಯನಗರದಿಂದಲೂ ಪರಿಚಯದವರ ಪರಿಚಯ ಹೇಳಿಕೊಂಡು ಬರುತ್ತಿದ್ದರು. ಸೀರೆ ನನ್ನದು, ದರ್ಬಾರು ಅತ್ತೆಯದು. ತಮ್ಮ ನಾಲ್ಕರಲ್ಲಿ ಒಂದನ್ನು ಉಟ್ಟು ಬೀರುವಿನ ಮುಂದೆ ಕೂತು, ಬಂದವಳ ಬಣ್ಣ, ಎತ್ತರ, ಹೋಗುವ ಕೆಲಸ ಎಲ್ಲ ವಿಚಾರಿಸಿ ಸೀರೆ ಆರಿಸುತ್ತಿದ್ದರು. ಕೇಳಿದ್ದನ್ನೇ ಕೊಡುತ್ತಾರೆಂಬ ನಂಬಿಕೆ ಇರಲಿಲ್ಲ. ಕಲೆ ಮಾಡಬಾರದು, ಒಗೆದು ತರಬೇಕು ಎಂಬುದು ಒಂದು ನಿಯಮ. ಇನ್ನೊಂದು, ಸೀರೆಯ ಜೊತೆ ಸುದ್ದಿಯೂ ವಾಪಸು ಬರಬೇಕು. ಏನಾಯಿತು, ಯಾರು ಏನು ಅಂದರು, ಊಟಕ್ಕೆ ಏನು ಮಾಡಿದ್ದರು, ಪೂರ್ತಿ ಹೇಳಿದರೇ ಸೀರೆ ಒಳಗೆ. “ಸೀರೆಗೂ ಗೊತ್ತಾಗ್ಬೇಕಲ್ಲವ್ವ, ಹೋಗಿದ್ದು ದಂಡವೋ ಇಲ್ವೋ ಅಂತ.”

ಒಬ್ಬ ಹುಡುಗಿ ಮೊಳಕಾಲ್ಮೂರು ಸೀರೆಯನ್ನು ವಾಪಸು ತಂದವಳು ಅಳಲು ಶುರುಮಾಡಿದಳು. ಗಂಡಿನ ಕಡೆಯವರು ತಿಂಡಿ ತಿಂದು, ಹುಡುಗಿ ಕಪ್ಪು ಎಂದು ಹೇಳಿ ಕಳಿಸಿದ್ದರಂತೆ. ಅತ್ತೆ ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮಡಿಸುತ್ತ ಅಂದರು, “ಅವ್ರು ನಿನ್ನ ಒಪ್ಪಿಲ್ಲ ಅಂತ ಯಾಕವ್ವ ಅಳ್ತೀಯ. ಈ ಸೀರೆಗೆ ಅವ್ರು ಒಪ್ಗೆ ಆಗಿಲ್ಲ. ಮಖ ತೊಳ್ಕ, ಕಾಫಿ ಕುಡಿ.” ಅಳುತ್ತಿದ್ದವಳು ನಕ್ಕುಬಿಟ್ಟಳು. ಅವಳು ಹೋದ ಮೇಲೆ ಆ ಗಂಡಿನ ಮನೆಯವರ ಬಗ್ಗೆ ಅತ್ತೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ದಶಕ ಮುಗಿಯುತ್ತ ಬಂದಾಗ ಅತ್ತೆಗೆ ಉಸಿರಿನ ತೊಂದರೆ ಶುರುವಾಯಿತು. ಭಾರ ಎತ್ತಬಾರದು ಎಂದರು ಡಾಕ್ಟರು. ಬಟ್ಟೆ ಒಗೆಯುವುದನ್ನು ನಾನೇ ಬಲವಂತವಾಗಿ ಬಿಡಿಸಿದೆ. ನಾನು ಹಿಂಡಿದ ಸೀರೆ ತಂತಿಯ ಮೇಲೆ ತೊಟ್ಟಿಕ್ಕುವುದನ್ನು ನೋಡಿ ಅವರು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದರು.

ಆ ದಿನಗಳಲ್ಲಿ ಒಂದು ಮಧ್ಯಾಹ್ನ, ಅವರೆಕಾಳು ಬಿಡಿಸುತ್ತ ಕೂತಿದ್ದಾಗ, “ಒಂದು ಸೀರೆ ತಗಬೇಕು ಅನ್ನುಸ್ತೈತೆ” ಅಂದರು.

“ಯಾರಿಗೆ ಅತ್ತೆ?”

“ನಂಗೇಯ.”

“ಯಾವುದಾದ್ರೂ ಹರೀತಾ?”

“ಇಲ್ಲ,” ಅಂದರು. ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವರು ನಾಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾವಿಬ್ಬರೂ ಬಸ್ಸಿನಲ್ಲಿ ಚಿಕ್ಕಪೇಟೆಗೆ ಹೋದೆವು. ಅಪ್ಪನ ತಲೆ ಅಷ್ಟರಲ್ಲಿ ಪೂರ್ತಿ ಬೆಳ್ಳಗಾಗಿತ್ತು, ಅದೇ ಅಂಗಡಿ, ಅದೇ ಜಾಗ. ಬೀಗಿತ್ತಿಯನ್ನು ಗಿರಾಕಿಯಾಗಿ ನೋಡಿ ಗಾಬರಿಯಾದರು. ತಲೆದಿಂಬು ತರಿಸಿ ಗೋಡೆಗೆ ಒರಗಿ ಕೂರಿಸಿದರು. ಆಮೇಲೆ ಅಭ್ಯಾಸಬಲದಿಂದ ಎಲ್ಲರನ್ನೂ ಕೇಳುವ ಹಾಗೆ ಕೇಳಿದರು:

“ಯಾವ ಸಮಾರಂಭಕ್ಕೆ?”

“ಯಾವ್ದಕ್ಕೂ ಅಲ್ಲ ಅಣ್ಣ. ನಂಗೆ ಆಸೆ ಆಗೈತೆ.”

ಪಕ್ಕದಲ್ಲಿ ಸೀರೆ ನೋಡುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅಪ್ಪ ಎದ್ದು ಒಳಗೆ ಹೋಗಿ ಒಂದು ಹೊರೆ ಹೊತ್ತು ತಂದರು. ಒಂದೊಂದನ್ನೂ ಗಾಳಿಯಲ್ಲಿ ಹರವಿ ಬೀಳಿಸಿದರು. ಅತ್ತೆ ಯಾವುದಕ್ಕೂ ಅವಸರ ಮಾಡಲಿಲ್ಲ. ಕೆಲವನ್ನು ಮುಟ್ಟಿದರು, ಕೆಲವಕ್ಕೆ ತಲೆಯಾಡಿಸಿದರು, ಒಂದನ್ನು ಮತ್ತೆ ತೆಗೆಸಿದರು. ಬೀದಿಯ ಹುಡುಗಿಯರಿಗೆ ಸೀರೆ ಆರಿಸುವಾಗ ಅಷ್ಟು ಖಚಿತವಾಗಿ ಮಾತಾಡುತ್ತಿದ್ದವರು ತಮಗೆ ಆರಿಸುವಾಗ ಎಂಟು ವರ್ಷದ ಮಗುವಿನ ಹಾಗೆ ಅತ್ತಿತ್ತ ನೋಡುತ್ತಿದ್ದರು. ಕೊನೆಗೆ ಕೈಯಿಟ್ಟದ್ದು ಈರುಳ್ಳಿ ಸಿಪ್ಪೆಯ ಬಣ್ಣದ, ಸಣ್ಣ ಅಂಚಿನ ಸೀರೆಯ ಮೇಲೆ. ಮಾವ ಹೋದ ಮೇಲೆ ಅವರು ಕಂದು, ಬೂದು ಬಿಟ್ಟು ಬೇರೆ ಬಣ್ಣ ಉಟ್ಟವರಲ್ಲ.

“ಇದು ಆದೀತಾ?” ಎಂದು ಅಪ್ಪನನ್ನು ಕೇಳಿದರು. ಅಂಗಡಿಯಲ್ಲಿ ಯಾವ ಸೀರೆಗಾದರೂ ಹತ್ತು ಮಾತು ಹೊಗಳುತ್ತಿದ್ದ ಅಪ್ಪ, “ಆಗತ್ತೆ” ಎಂದಷ್ಟೇ ಹೇಳಿದರು.

ಮನೆಗೆ ಬಂದಾಗ ನನ್ನ ಗಂಡ ತಮಾಷೆಗೆ, “ಅವ್ವಾ, ಐದಾಯ್ತಲ್ಲ. ಈಗ ಯಾವುದು ಆಚೆ ಹೋಗತ್ತೆ?” ಎಂದರು.

“ಎಣಿಸಿದ್ದು ಸಾಕು ಕಣ್ಲಾ” ಅಂದರು ಅತ್ತೆ, ಸೀರೆಯನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತ.

ಆ ಸೀರೆಯನ್ನು ಅವರು ಮನೆಯಲ್ಲೇ ಉಟ್ಟರು. ಯಾರಾದರೂ ನೋಡಲಿ ಎಂದು ಬಾಗಿಲಿಗೂ ಬರಲಿಲ್ಲ. ಮುಂದಿನ ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಕಾಫಿ ಕೇಳಿದವರು, ನಾನು ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮೂರನೆಯ ದಿನ ಅಪ್ಪ ಬಂದು ಹಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು ಹೇಳಿದರು. “ಇಷ್ಟು ವರ್ಷದಿಂದ ಸೀರೆ ತೋರಿಸ್ತಿದೀನಿ. ಎಲ್ಲರಿಗೂ ಒಂದು ಕಾರಣ ಇರತ್ತೆ. ತಂಗಿ ಮದುವೆ ಅಂತಾರೆ, ನಾದಿನಿ ಬಲವಂತ ಅಂತಾರೆ, ಹಳೇದೆಲ್ಲ ಹಾಳಾಗಿದೆ ಅಂತಾರೆ. ಆಸೆ ಆಗಿದೆ ಅಂತ ಬಾಯಿಬಿಟ್ಟು ಹೇಳಿ ಸೀರೆ ತಗೊಂಡವರು ನಿಮ್ಮತ್ತೆ ಒಬ್ಬರೇ ಕಣಮ್ಮ.”

ಒಬ್ಬ ಹೆಂಗಸಿಗೆ ಎಷ್ಟು ಸೀರೆ ಬೇಕು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ನಾಲ್ಕು ಎಂದರೂ ಸರಿ ಅನ್ನಿಸುತ್ತದೆ, ಮೂವತ್ತಮೂರು ಎಂದರೂ ಸರಿ ಅನ್ನಿಸುತ್ತದೆ. ಆದರೆ ಏನಾದರೂ ಬೇಕೆನಿಸಿದಾಗ ಅದಕ್ಕೊಂದು ಸುಳ್ಳು ನೆಪ ಹೊಂದಿಸಿಕೊಳ್ಳುವುದನ್ನು ಅವತ್ತೇ ಬಿಟ್ಟೆ. ಅಂಗಡಿಯವರು “ಏನು ವಿಶೇಷ ಅಮ್ಮಾ?” ಎಂದು ಕೇಳುತ್ತಾರೆ. ಏನೂ ಇಲ್ಲಪ್ಪ, ಆಸೆ ಆಗಿದೆ ಎನ್ನುತ್ತೇನೆ. ಅವರು ಒಳ್ಳೆಯದನ್ನೇ ತೆಗೆದು ತೋರಿಸುತ್ತಾರೆ.